ಎಳೆಯ ಮಕ್ಕಳ ಸಂತೋಷ: ಹುಟ್ಟುಗುಣ ಮತ್ತು ಪಾಲನೆ

ಐದಾರು ವರ್ಷದೊಳಗಿನ ಮಕ್ಕಳಲ್ಲಿ ಕಾಣುವ ನಗು, ಲವಲವಿಕೆ, ಹೊಸ ಜನ ಮತ್ತು ಹೊಸ ವಸ್ತುಗಳ ಬಗೆಗಿನ ಹುರುಪು ಎಷ್ಟರ ಮಟ್ಟಿಗೆ ರಕ್ತಗತವಾಗಿ ಬಂದದ್ದು, ಎಷ್ಟರ ಮಟ್ಟಿಗೆ ಲಾಲನೆ ಪಾಲನೆಯಿಂದ ರೂಪುಗೊಂಡದ್ದು ಎಂಬ ಪ್ರಶ್ನೆಯನ್ನು ಮನೋವಿಜ್ಞಾನ ಸುಮಾರು ಒಂದೂವರೆ ಶತಮಾನದಿಂದ ಪರಿಶೀಲಿಸುತ್ತ ಬಂದಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಜನವೇ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದೂ ಕೇಳುವಂತೆ, ಈ ಅಧ್ಯಯನದಲ್ಲಿಯೂ ಎರಡು ನಿಲುವುಗಳು ಸರದಿಯಂತೆ ಮೇಲುಗೈ ಪಡೆದಿದ್ದು, ಅವೆರಡನ್ನೂ ಬಿಡಿಸಿ ನೋಡಲಾಗದೆಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಷ್ಟೇ ಬಲಗೊಂಡಿತು.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1874ರಲ್ಲಿ ಹುಟ್ಟುಗುಣವನ್ನೂ ಪಾಲನೆಯನ್ನೂ ಎದುರುಬದುರಾಗಿ ನಿಲ್ಲಿಸಿ, ಮರುವರ್ಷ ಅವಳಿಗಳ ಜೀವನವೃತ್ತಾಂತಗಳನ್ನು ಕಲೆಹಾಕಿ, ಹುಟ್ಟುಗುಣದ ಪರವಾಗಿಯೇ ತೀರ್ಪಿತ್ತನು. ಆತನ ಬಂಧು ಚಾರ್ಲ್ಸ್ ಡಾರ್ವಿನ್ 1877ರಲ್ಲಿ ಪ್ರಕಟಿಸಿದ ಲೇಖನ ಕಿರಿದಾದರೂ ಇಂದಿಗೂ ಬೆಲೆಯುಳ್ಳದ್ದು: 1839ರ ಕೊನೆಯಲ್ಲಿ ಹುಟ್ಟಿದ ಹಿರಿಯ ಮಗನ ದಿನಚರಿಯನ್ನು ಆಧರಿಸಿ, ಆ ಮಗು 45ನೆಯ ದಿನ ನಿಜವಾದ ನಗೆ ನಕ್ಕಿತೆಂದೂ, ಅದು ನಗುತ್ತಿದ್ದುದು ಹೆಚ್ಚಾಗಿ ತಾಯಿಯ ಮುಖ ನೋಡಿದಾಗ ಎಂದೂ, ಮತ್ತೊಂದು ಮಗು 46ನೆಯ ದಿನ ನಕ್ಕಿತೆಂದೂ ಆತ ದಾಖಲಿಸಿದ್ದಾನೆ. ಹುಟ್ಟುಗುರುಡ ಶಿಶುಗಳೂ ತಾಯಿಯ ದನಿ ಕೇಳಿ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ನಗುತ್ತವೆಂದು ಮುಂದೆ ತಿಳಿದುಬಂದದ್ದರಿಂದ, ನಗುವಿನ ಆರಂಭವನ್ನು ನಿರ್ಧರಿಸುವುದು ಮುಖ್ಯವಾಗಿ ದೇಹದ ಬೆಳವಣಿಗೆ ಎಂಬುದು ಸ್ಪಷ್ಟವಾಯಿತು. ಆದರೆ ಆ ನಗು ಉಳಿಯುವುದು ಬೇರೆ ಮಾತು. ಜೇಕಬ್ ಗೆವಿರ್ಟ್ಸ್ ಇಸ್ರೇಲಿನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸ್ವಂತ ಮನೆಯಲ್ಲಿಯೂ ಕಿಬ್ಬುಟ್ಸ್ ಎಂಬ ಸಹಜೀವನದ ಹಳ್ಳಿಗಳಲ್ಲಿಯೂ ಬೆಳೆಯುತ್ತಿದ್ದ ಶಿಶುಗಳು ಸುಮಾರು 4ನೆಯ ತಿಂಗಳಲ್ಲಿ ಅತಿ ಹೆಚ್ಚು ನಗುತ್ತಿದ್ದರೆ, ಶಿಶುಪಾಲನ ಸಂಸ್ಥೆಗಳ ಮಕ್ಕಳು ಆ ಹಂತವನ್ನು ಒಂದು ತಿಂಗಳು ತಡವಾಗಿ ಮುಟ್ಟಿದವು, ಆಮೇಲೆ ಅವುಗಳ ನಗು ಇಳಿಮುಖವಾಯಿತು.

ಪಾಲನೆಯೇ ಸರ್ವಸ್ವವೆಂಬ ವಾದಕ್ಕೆ ಅಮೆರಿಕದ ಜಾನ್ ವಾಟ್ಸನ್ ಮುಂದಾಳು. ಹೊರಗೆ ಕಾಣುವ ನಡವಳಿಕೆಯೊಂದೇ ಮನೋವಿಜ್ಞಾನದ ವಸ್ತುವೆಂದು ಸಾರುವ ವರ್ತನವಾದದ ಪ್ರವರ್ತಕನಾದ ಆತ, 1928ರಲ್ಲಿ ಶಿಶುಪಾಲನೆಯ ಕೈಪಿಡಿಯೊಂದನ್ನು ಬರೆದು, ಸಂತೋಷವಾಗಿರುವ ಮಗುವನ್ನು ಬೆಳೆಸಲಿರುವ ಮೊದಲ ತಾಯಿಗೆ ಅದನ್ನು ಅರ್ಪಿಸಿದನು. ಅದೇ ಕೈಪಿಡಿ ಮಗುವನ್ನು ಅಪ್ಪಿ ಮುದ್ದಾಡಬಾರದು, ಬೆಳಗ್ಗೆ ಕೈಕುಲುಕಿದರೆ ಸಾಕು ಎಂದು ಬೋಧಿಸಿತು. ಈ ಬೋಧನೆ ಎಷ್ಟು ಹಾನಿಕರವೆಂಬುದು 1945ರಲ್ಲಿ ರೆನೆ ಸ್ಪಿಟ್ಸ್ ಪ್ರಕಟಿಸಿದ ವರದಿಯಿಂದ ಮನವರಿಕೆಯಾಗುತ್ತದೆ. ಶುಚಿಯಾಗಿದ್ದು ಆಹಾರಕ್ಕೂ ಕೊರತೆಯಿಲ್ಲದ ಅನಾಥ ಶಿಶುಗೃಹದ ಮಕ್ಕಳು ಮಂಕಾಗಿ ನಿಸ್ತೇಜವಾಗುತ್ತ ಹೋದರೆ, ಸೆರೆಮನೆಯ ಶಿಶುವಿಹಾರದಲ್ಲಿ ಕೈದಿ ತಾಯಂದಿರ ತೋಳಲ್ಲೇ ಬೆಳೆದ ಮಕ್ಕಳು ಚಟುವಟಿಕೆಯಿಂದಿದ್ದವು. ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿ ಈ ಬಗೆಯ ಸಾಕ್ಷ್ಯಗಳನ್ನು ಒಟ್ಟುಗೂಡಿಸಿತು. ಮಗು ತನ್ನನ್ನು ನೋಡಿಕೊಳ್ಳುವವರೊಡನೆ ಬೆಸೆದುಕೊಳ್ಳುವ ಭಾವಸಂಬಂಧವನ್ನು ವಿವರಿಸುವ ಬಾಂಧವ್ಯ ಸಿದ್ಧಾಂತವನ್ನು ಆತ ಮುಂದೆ ಬೆಳೆಸಿದನು.

ಇದರ ಜೊತೆಗೇ, ಮಗುವಿನ ಎಲ್ಲ ತೊಂದರೆಗೂ ತಾಯಿಯನ್ನೇ ಹೊಣೆಮಾಡುವ ಅನ್ಯಾಯವೂ ಬೆಳೆಯಿತು. ಅದನ್ನು ಒಪ್ಪದ ಮನೋವೈದ್ಯ ದಂಪತಿಗಳಾದ ಸ್ಟೆಲ್ಲಾ ಚೆಸ್ ಮತ್ತು ಅಲೆಕ್ಸಾಂಡರ್ ಥಾಮಸ್ 1956ರಲ್ಲಿ ನ್ಯೂಯಾರ್ಕಿನಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿ, 133 ಮಕ್ಕಳನ್ನು ಶೈಶವದಿಂದ ಪ್ರೌಢ ವಯಸ್ಸಿನವರೆಗೆ ಹಿಂಬಾಲಿಸಿದರು. ಹಸಿವು ನಿದ್ದೆಗಳ ನಿಯತತೆ, ಹೊಸತಿಗೆ ಒಗ್ಗಿಕೊಳ್ಳುವ ಬಗೆ, ಪ್ರಧಾನವಾಗಿ ಕಾಣುವ ಮನಃಸ್ಥಿತಿ ಮೊದಲಾದ 9 ಲಕ್ಷಣಗಳಿಂದ ಗುರುತಿಸುವ ಸಹಜ ಪ್ರವೃತ್ತಿಯನ್ನು ಅವರು ಮನೋಧರ್ಮವೆಂದು ಕರೆದರು. ಅವರ ಲೆಕ್ಕದಲ್ಲಿ ಶೇಕಡ 40ರಷ್ಟು ಮಕ್ಕಳು ನಗುಮೊಗದ ಸುಲಭ ಸ್ವಭಾವದವರು, ಶೇಕಡ 10ರಷ್ಟು ರಚ್ಚೆ ಹಿಡಿಯುವ ಕಷ್ಟ ಸ್ವಭಾವದವರು, ಶೇಕಡ 15ರಷ್ಟು ನಿಧಾನವಾಗಿ ಒಗ್ಗಿಕೊಳ್ಳುವವರು, ಉಳಿದವರು ಮಿಶ್ರ ಸ್ವಭಾವದವರು. ಅವರ ನಿಜವಾದ ಕೊಡುಗೆಯೆಂದರೆ ಹೊಂದಿಕೆಯ ಪರಿಕಲ್ಪನೆ: ಮಗುವಿನ ಮನೋಧರ್ಮಕ್ಕೂ ಮನೆಯವರ ನಿರೀಕ್ಷೆ ಮತ್ತು ರೀತಿಗಳಿಗೂ ಮೇಳವಾದರೆ ರಚ್ಚೆಯ ಮಗುವೂ ಸುಖವಾಗಿ ಬೆಳೆಯುತ್ತದೆ, ಆಗದಿದ್ದರೆ ಸುಲಭ ಸ್ವಭಾವದ ಮಗುವೂ ನರಳುತ್ತದೆ.

ಮೇರಿ ರಾತ್‌ಬಾರ್ಟ್ 1981ರಲ್ಲಿ ಪ್ರಕಟಿಸಿದ ಶಿಶುವರ್ತನೆಯ ಪ್ರಶ್ನಾವಳಿ ನಗುವನ್ನು ಅಳು ಮತ್ತು ಅಂಜಿಕೆಗಳಿಂದ ಪ್ರತ್ಯೇಕವಾಗಿ ಅಳೆದದ್ದರಿಂದ, ಸಂತೋಷವೆಂದರೆ ದುಃಖ ಇಲ್ಲದಿರುವುದಷ್ಟೇ ಅಲ್ಲ ಎಂಬುದು ಶೈಶವದ ಮಟ್ಟಿಗೂ ನಿಜವೆಂದಾಯಿತು. ಅವಳಿಗಳ ಅಧ್ಯಯನಗಳು ಮತ್ತಷ್ಟು ಕುತೂಹಲಕರ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ ಆಗಿದ್ದು, ಎರಡು ಅಂಡಗಳ ಅವಳಿಗಳಲ್ಲಿ ಬೇರೆಬೇರೆಯಾಗಿ ಬರುವ ವಂಶವಾಹಿಗಳ ಸರಾಸರಿ ಅರ್ಧದಷ್ಟು ಮಾತ್ರ ಸಮಾನವಾಗಿರುವುದರಿಂದ, ಇವೆರಡು ಬಗೆಯ ಜೋಡಿಗಳ ಹೋಲಿಕೆಯಿಂದ ಅನುವಂಶೀಯತೆಯ ಪಾಲನ್ನು ಅಂದಾಜಿಸುತ್ತಾರೆ. ಹಿಲ್ ಗೋಲ್ಡ್‌ಸ್ಮಿತ್ ಮತ್ತು ಸಂಗಡಿಗರ 1997ರ ಅಧ್ಯಯನದಲ್ಲಿ, ಮನೋಧರ್ಮದ ಇತರ ಅನೇಕ ಲಕ್ಷಣಗಳಲ್ಲಿ ಒಂದೇ ಮನೆಯಲ್ಲಿ ಬೆಳೆದುದರ ಪ್ರಭಾವ ಅಷ್ಟಾಗಿ ಕಾಣದಿದ್ದರೂ, ಉಲ್ಲಾಸದಲ್ಲಿ ಮಾತ್ರ ಅದು ಎದ್ದು ಕಂಡಿತು. ಇಂಥ ಅಂದಾಜುಗಳು ಒಂದು ಜನಸಮೂಹದಲ್ಲಿ ಕಾಣುವ ವ್ಯತ್ಯಾಸಕ್ಕೆ ಅನ್ವಯಿಸುತ್ತವೆಯೇ ಹೊರತು, ಒಂದು ಮಗುವಿನ ಸಂತೋಷದಲ್ಲಿ ಶೇಕಡ ಎಷ್ಟು ಹುಟ್ಟಿನಿಂದ ಬಂತೆಂದು ಹೇಳಲಾರವು.

ರಚ್ಚೆಯ ಮಕ್ಕಳ ಬಗೆಗಿನ ನಿರಾಶೆಯನ್ನು ನೆದರ್ಲೆಂಡ್ಸಿನ ಒಂದು ಪ್ರಯೋಗ ತಪ್ಪೆಂದು ತೋರಿಸಿತು. 1994ರಲ್ಲಿ ಪ್ರಕಟವಾದ ದಿಮ್ಫ್ನಾ ವಾನ್ ಡೆನ್ ಬೋಮ್ ಅಧ್ಯಯನದಲ್ಲಿ, ಬಡ ಕುಟುಂಬಗಳ 100 ಕಿರಿಕಿರಿ ಸ್ವಭಾವದ ಶಿಶುಗಳ ಪೈಕಿ ಅರ್ಧದಷ್ಟು ಮಕ್ಕಳ ತಾಯಂದಿರ ಮನೆಗೆ ಶಿಶುವಿನ 6ರಿಂದ 9ನೆಯ ತಿಂಗಳ ನಡುವೆ ಮೂರು ಸಲ ಹೋಗಿ, ಮಗುವಿನ ಸನ್ನೆಯನ್ನು ಗುರುತಿಸಿ ತಕ್ಕಂತೆ ಸ್ಪಂದಿಸುವುದನ್ನು ಕಲಿಸಲಾಯಿತು. ಆ ಮಕ್ಕಳು ಕಡಿಮೆ ಅತ್ತವು, ಆಟದಲ್ಲಿ ಹೆಚ್ಚು ತೊಡಗಿದವು, ವರ್ಷ ತುಂಬುವ ಹೊತ್ತಿಗೆ ತಾಯಿಯೊಡನೆ ಅವುಗಳ ಬಾಂಧವ್ಯ ಹೆಚ್ಚು ಭದ್ರವಾಗಿತ್ತು. ಸೂಕ್ಷ್ಮ ಸ್ವಭಾವದ ಮಕ್ಕಳಿಗೆ ಕೆಟ್ಟ ಪಾಲನೆ ಹೆಚ್ಚು ತಟ್ಟುವಂತೆ ಒಳ್ಳೆಯ ಪಾಲನೆಯೂ ಹೆಚ್ಚು ಫಲಿಸುತ್ತದೆ ಎಂಬುದು ಜೇ ಬೆಲ್ಸ್ಕಿ 1997ರಿಂದ ಪ್ರತಿಪಾದಿಸುತ್ತ ಬಂದ ಸಿದ್ಧಾಂತ.

ಈ ಕ್ಷೇತ್ರದ ಅತಿ ಗಟ್ಟಿಯಾದ ಸಾಕ್ಷ್ಯ ರುಮೇನಿಯದ್ದು. ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕುವಿನ ಆಡಳಿತ 1989ರಲ್ಲಿ ಕುಸಿದಾಗ ಸರ್ಕಾರಿ ಶಿಶುಗೃಹಗಳ ದುಃಸ್ಥಿತಿ ಜಗತ್ತಿಗೆ ತಿಳಿಯಿತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ 2000ದಲ್ಲಿ ಬುಖಾರೆಸ್ಟಿನಲ್ಲಿ ಅಂಥ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಪೋಷಕ ಕುಟುಂಬಗಳಿಗೆ, ಅಂದರೆ ಬೇರೆಯವರ ಮಕ್ಕಳನ್ನು ತಮ್ಮ ಮನೆಯಲ್ಲಿಟ್ಟು ಸಾಕುವವರಿಗೆ ಒಪ್ಪಿಸಿದರು. ಕುಟುಂಬ ಸೇರಿದ ಮಕ್ಕಳು ಆಟದ ಸಂದರ್ಭಗಳಲ್ಲಿ ಶಿಶುಗೃಹದಲ್ಲೇ ಉಳಿದವರಿಗಿಂತ ಸ್ಪಷ್ಟವಾಗಿ ಹೆಚ್ಚು ಸಂತೋಷ ತೋರಿದರು. ತೀವ್ರ ಅಂಗವೈಕಲ್ಯದ ಸಂದರ್ಭ ಬಿಟ್ಟು, ಎರಡು ವರ್ಷದೊಳಗಿನ ಮಕ್ಕಳನ್ನು ಶಿಶುಗೃಹಕ್ಕೆ ಸೇರಿಸುವುದನ್ನು ರುಮೇನಿಯ 2004ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು.