ಪೋಷಣಶಾಸ್ತ್ರ ಬೋಧನೆ: ಉಜಿರೆ ಮತ್ತು ಮೂಡುಬಿದಿರೆಯ ವೈದ್ಯಕೀಯ ಶಿಕ್ಷಣದಲ್ಲಿ

ದಕ್ಷಿಣ ಕನ್ನಡದ ಎಂಬಿಬಿಎಸ್ ಕಾಲೇಜುಗಳಲ್ಲಿ ಹೆಚ್ಚಿನವು ಮಂಗಳೂರಿನ ಸುತ್ತಮುತ್ತ ಇವೆ. ಬಂಟ್ವಾಳದಿಂದ ಒಳಕ್ಕೆ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆ ಬಂದರೆ ವೈದ್ಯಕೀಯ ಶಿಕ್ಷಣದ ಚಹರೆಯೇ ಬೇರೆ. ಇಲ್ಲಿ ಬೆಳೆದದ್ದು ಪ್ರಕೃತಿ ಚಿಕಿತ್ಸೆ, ಆಯುರ್ವೇದ, ಹೋಮಿಯೋಪಥಿ ಕಾಲೇಜುಗಳು. ಹೀಗಾಗಿ ಭಾವೀ ವೈದ್ಯರಿಗೆ ಆಹಾರದ ಪಾಠ ಹೇಳುವ ಕ್ರಮವೂ ಇಲ್ಲಿ ಬೇರೆ ದಾರಿ ಹಿಡಿಯಿತು.

ಧರ್ಮಸ್ಥಳದ ಶಾಂತಿವನ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯ ಬೆನ್ನಿಗೇ, 1989ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ಆರಂಭವಾಯಿತು. ಎರಡರ ಹಿಂದೆಯೂ ಇದ್ದವರು ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು. ಇಲ್ಲಿ ಕಲಿಸುವ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ) ಪದವಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು. ಎಂಬಿಬಿಎಸ್‌ನಲ್ಲಿ ಪೋಷಣೆಯ ಪಾಠ ಜೀವರಸಾಯನಶಾಸ್ತ್ರ, ಮಕ್ಕಳ ವೈದ್ಯ, ಸಮುದಾಯ ವೈದ್ಯಶಾಸ್ತ್ರಗಳಲ್ಲಿ ಹರಿದು ಹಂಚಿಹೋಗಿದೆ. ಬಿಎನ್‌ವೈಎಸ್‌ನಲ್ಲಾದರೆ ಪಥ್ಯಾಹಾರವೂ ಉಪವಾಸ ಚಿಕಿತ್ಸೆಯೂ ಪಠ್ಯಕ್ರಮದ ನಡುಮನೆಯಲ್ಲೇ ಇವೆ. ಆಹಾರವನ್ನು ವಿಸರ್ಜಕ, ಶಾಮಕ, ರಚನಾತ್ಮಕ ಎಂದು ಮೂರು ಬಗೆಯಾಗಿ ಕಲಿಸುತ್ತಾರೆ. ಎಳನೀರು, ಹಣ್ಣಿನ ರಸ ಮೊದಲನೆಯದು. ಹಣ್ಣು, ಬೇಯಿಸಿದ ತರಕಾರಿ ಎರಡನೆಯದು. ಪಾಲಿಶ್ ಮಾಡದ ಅಕ್ಕಿ, ಬೇಳೆ, ಮೊಳಕೆಕಾಳು ಮೂರನೆಯದು. ಈ ವಿಂಗಡಣೆ ಆಧುನಿಕ ಪೋಷಣವಿಜ್ಞಾನದ್ದಲ್ಲ. ಆದ್ದರಿಂದ ವಿದ್ಯಾರ್ಥಿಗೆ ಕ್ಯಾಲೊರಿ, ಪ್ರೋಟೀನುಗಳ ಲೆಕ್ಕವೂ ಅಷ್ಟೇ ಗಟ್ಟಿಯಾಗಿ ಬರಬೇಕು. ಇನ್ಸುಲಿನ್ ಪಡೆಯುವ ಮಧುಮೇಹಿಗೆ ಉಪವಾಸ ಹೇಳುವಾಗ ಸಕ್ಕರೆ ಕುಸಿಯುವ ಅಪಾಯ ನಿಜವಾದದ್ದು.

ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಪ್ರಕೃತಿ ಚಿಕಿತ್ಸೆ, ಆಯುರ್ವೇದ, ಹೋಮಿಯೋಪಥಿ ಈ ಮೂರೂ ಪದ್ಧತಿಗಳ ಕಾಲೇಜುಗಳನ್ನು ಕಟ್ಟಿತು. ಆಯುರ್ವೇದ ವಿದ್ಯಾರ್ಥಿಗೆ ಆಹಾರದ ಪಾಠ ಸಿಗುವುದು ಮುಖ್ಯವಾಗಿ ಸ್ವಸ್ಥವೃತ್ತ ಎಂಬ ವಿಷಯದಲ್ಲಿ. ಚರಕಸಂಹಿತೆಯ ಅನ್ನಪಾನವಿಧಿ ಅಧ್ಯಾಯ ಆಹಾರವನ್ನು 12 ವರ್ಗಗಳಾಗಿ ವಿಂಗಡಿಸುತ್ತದೆ. ಅದೇ ಸಂಹಿತೆಯ ವಿಮಾನಸ್ಥಾನ ಊಟದ ಗುಣವನ್ನು ನಿರ್ಧರಿಸುವ ಎಂಟು ಅಂಶಗಳನ್ನು ಹೇಳುತ್ತದೆ. ಅವುಗಳಲ್ಲಿ ರಾಶಿ ಎಂದರೆ ಪ್ರಮಾಣ, ದೇಶ ಎಂದರೆ ನೆಲ. ಯಾವ ಪದ್ಧತಿಯ ವೈದ್ಯನೇ ಆಗಲಿ, ತಪ್ಪುವುದು ಹೆಚ್ಚಾಗಿ ಈ ಎರಡರಲ್ಲೇ.

ಈ ನೆಲದ ಮಟ್ಟಿಗೆ ಪಾಠಕ್ಕೆ ಕುಚ್ಚಲಕ್ಕಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ನರರೋಗ ತಗಲುವುದನ್ನು ಕಂಡರು; 1929ರಲ್ಲಿ ಅವರಿಗೆ ನೊಬೆಲ್ ಬಂತು. ಭತ್ತವನ್ನು ಸಿಪ್ಪೆ ಸಹಿತ ಬೇಯಿಸಿದರೆ ಈ ರೋಗವನ್ನು ತಡೆಯುವ, ತವುಡಿನಲ್ಲಿರುವ ಥಯಮಿನ್ ಒಂದಷ್ಟು ಕಾಳಿನೊಳಗೆ ಇಳಿಯುತ್ತದೆ, ಆಮೇಲೆ ಮಿಲ್ಲು ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಆದರೆ ಅನ್ನ ಬಸಿದು ತಿಳಿ ಚೆಲ್ಲಿದರೆ ನೀರಿನಲ್ಲಿ ಕರಗುವ ಬಿ ಜೀವಸತ್ವಗಳೂ ಜೊತೆಗೇ ಹೋಗುತ್ತವೆ. ಗಂಜಿಯ ತಿಳಿಯನ್ನು ಕುಡಿಯುವ ಮನೆಗೂ ಚೆಲ್ಲುವ ಮನೆಗೂ ಇರುವ ಈ ವ್ಯತ್ಯಾಸ ತಿಳಿಯಬೇಕಾದರೆ ವಿದ್ಯಾರ್ಥಿ ಅಡುಗೆಮನೆಯಲ್ಲಿ ಕೇಳಬೇಕು: ತಿಳಿ ಏನು ಮಾಡುತ್ತೀರಿ, ಎಷ್ಟು ಸೌಟು ಅನ್ನ, ಪದಾರ್ಥಕ್ಕೆ ಒಂದು ಕಡಿ ಕಾಯಿಯೋ ಎರಡೋ, ಅದು ಎಷ್ಟು ಜನಕ್ಕೆ? ಹಿಂದಿನ 24 ಗಂಟೆಗಳ ಆಹಾರ ವಿಚಾರಣೆ ಎಂಬ ವಿಧಾನ ನಿಂತಿರುವುದು ಇಂಥ ಪ್ರಶ್ನೆಗಳ ಮೇಲೆ.

ಎಂಬಿಬಿಎಸ್ ಕೂಡ ಈಗ ಈ ಕಡೆ ಹೊರಳಿದೆ. 2019ರ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಪೋಷಣೆಯ ಸ್ಥಿತಿಯನ್ನು ಅಳೆಯುವುದನ್ನೂ ಸ್ಥಳೀಯ ಆಹಾರಕ್ಕೆ ತಕ್ಕ ಪಥ್ಯ ಯೋಜಿಸುವುದನ್ನೂ ವಿದ್ಯಾರ್ಥಿ ಕಲಿಯಬೇಕಾದ ಸಾಮರ್ಥ್ಯಗಳಲ್ಲಿ ಸೇರಿಸಿತು. ನಂತರ ಬಂದ ಕುಟುಂಬ ದತ್ತು ಕಾರ್ಯಕ್ರಮ ವಿದ್ಯಾರ್ಥಿಗಳನ್ನು ಮೊದಲ ವರ್ಷದಿಂದಲೇ ಹಳ್ಳಿಯ ಮನೆಬಾಗಿಲಿಗೆ ಕಳಿಸುತ್ತಿದೆ.