ಸೀರಿಯಲ್ ಪೋರ್ಟಿನ ಮೇಲೊಂದು ಕಣ್ಣು

ಸೀರಿಯಲ್ ಪೋರ್ಟಿನಲ್ಲಿ ಮಾಹಿತಿ ಒಂದೊಂದೇ ಬಿಟ್ಟಾಗಿ ಸಾಗುತ್ತದೆ. ಇದಕ್ಕೆ ಆರ್‌ಎಸ್-232 ಮಾನದಂಡ ಬಂದದ್ದು 1960ರಲ್ಲಿ. ಇದನ್ನು ಕಲಿಸಬೇಕಿದ್ದ ಕೆಲವು ಕಾಲೇಜುಗಳು ಬಂದದ್ದು ಬಹಳ ತಡವಾಗಿ: ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಕೆನರಾ ಇಂಜಿನಿಯರಿಂಗ್ ಕಾಲೇಜು 2001ರಲ್ಲಿ, ಬೆಳ್ತಂಗಡಿಯ ಉಜಿರೆಯಲ್ಲಿ ಎಸ್‌ಡಿಎಂ ತಾಂತ್ರಿಕ ಕಾಲೇಜು ಮತ್ತು ಮೂಡುಬಿದಿರೆ ಬಳಿ ಮೈಟ್ ಇಂಜಿನಿಯರಿಂಗ್ ಕಾಲೇಜು 2007ರಲ್ಲಿ, ಮಿಜಾರಿನಲ್ಲಿ ಆಳ್ವಾಸ್ ಇಂಜಿನಿಯರಿಂಗ್ ಕಾಲೇಜು 2008ರಲ್ಲಿ ಶುರುವಾದವು. ಆ ವೇಳೆಗೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಅಪರೂಪವಾಗುತ್ತಿತ್ತು. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದ 8051 ಮೈಕ್ರೋಕಂಟ್ರೋಲರ್ ಕಲಿಕೆಗೆ ಸೀರಿಯಲ್ ಸಂವಹನ ಬೇಕೇ ಬೇಕಿತ್ತು.

ಈ ಸಂವಹನದಲ್ಲಿ ದೋಷ ಹುಡುಕುವುದು ಸುಲಭದ ಮಾತಲ್ಲ. 8051ಕ್ಕೆ 11.0592 ಮೆಗಾಹರ್ಟ್ಸ್ ಹರಳು ಹಾಕಿದರೆ 9600 ಬಾಡ್ ವೇಗ ಕರಾರುವಾಕ್ಕಾಗಿ ಸಿಗುತ್ತದೆ. ಅದೇ ಪ್ರೋಗ್ರಾಂ ಇಟ್ಟುಕೊಂಡು 12 ಮೆಗಾಹರ್ಟ್ಸ್ ಹರಳು ಕೂರಿಸಿದರೆ ವೇಗ ಸುಮಾರು 10,417ಕ್ಕೆ ಏರಿ, ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬೀಳುತ್ತವೆ. ತಪ್ಪು ತಂತಿಯದೋ, ಪ್ರೋಗ್ರಾಮಿನದೋ, ಹರಳಿನದೋ ಎಂದು ತಿಳಿಯಲು ಹಾದುಹೋಗುವ ಪ್ರತಿ ಬೈಟನ್ನೂ ನೋಡಬೇಕು.

ವಿಂಡೋಸ್ ಜೊತೆ ಉಚಿತವಾಗಿ ಬರುತ್ತಿದ್ದ ಹೈಪರ್‌ಟರ್ಮಿನಲ್ ಕಳಿಸಿ ಪಡೆಯುತ್ತಿತ್ತು, ಅಷ್ಟೇ. ಬೇರೊಂದು ತಂತ್ರಾಂಶದ ಮಾತುಕತೆಯನ್ನು ಕದ್ದು ಕೇಳಲು ಅದಕ್ಕೆ ಬರುತ್ತಿರಲಿಲ್ಲ. ವಿಂಡೋಸ್ ವಿಸ್ಟಾದಲ್ಲಿ ಅದೂ ಹೋಯಿತು. ಕದ್ದು ಕೇಳುವ ಕೆಲಸಕ್ಕೆ ಸಿಸ್‌ಇಂಟರ್ನಲ್ಸ್‌ನ ಪೋರ್ಟ್‌ಮಾನ್ ಎಂಬ ತಂತ್ರಾಂಶವಿತ್ತು. 2006ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನು ಕೊಂಡಿತಾದರೂ 64 ಬಿಟ್ ವಿಂಡೋಸಿನಲ್ಲಿ ಪೋರ್ಟ್‌ಮಾನ್ ನಡೆಯಲಿಲ್ಲ. ಆಗ ಉಳಿದ ದಾರಿಯೆಂದರೆ ಕಾಮ್‌0ಕಾಮ್‌ನಂಥ ಮುಕ್ತ ತಂತ್ರಾಂಶದಿಂದ ಜೋಡಿ ಪೋರ್ಟ್ ಸೃಷ್ಟಿಸಿ ನಡುವೆ ಕೂರುವುದು, ಇಲ್ಲವೇ ದುಡ್ಡು ಕೊಟ್ಟು ಬೇರೆ ಮಾನಿಟರ್ ತಂತ್ರಾಂಶ ಕೊಳ್ಳುವುದು. ಲಿನಕ್ಸ್ ಬಳಸುವವರಿಗೆ ಸ್ಟ್ರೇಸ್ ಎಂಬ ಸಲಕರಣೆಯೇ ಸಾಕಿತ್ತು.

ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಫಲಕ ಬಂದ ಮೇಲೆ ಅದರ ತಂತ್ರಾಂಶದಲ್ಲೇ ಸೀರಿಯಲ್ ಮಾನಿಟರ್ ಎಂಬ ಕಿಟಕಿ ಸೇರಿತು. ಹೆಸರು ಮಾನಿಟರ್ ಎಂದಿದ್ದರೂ ಅದು ಪೋರ್ಟನ್ನು ತಾನೇ ಹಿಡಿದುಕೊಳ್ಳುವ ಟರ್ಮಿನಲ್ ಮಾತ್ರ.