ಒಂದೇ ಅಂಕಿ, ಎರಡು ಅರ್ಥ

ನಮ್ಮ ಮಂಗಳೂರಿನಲ್ಲಿ ಒಂದು ಲಿಪಿ ನಾಲ್ಕು ಭಾಷೆಗಳ ಚಾಕರಿ ಮಾಡುತ್ತದೆ. ಕನ್ನಡದ ಮಾತು ಬಿಡಿ. ತುಳು, ಕೊಂಕಣಿ, ಬ್ಯಾರಿ ಭಾಷೆಗಳನ್ನೂ ಇಲ್ಲಿಯ ಜನ ಕನ್ನಡ ಅಕ್ಷರದಲ್ಲೇ ಬರೆಯುತ್ತ, ಓದುತ್ತ ಬಂದಿದ್ದಾರೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು ಅಲ್ಲಿಂದಲೇ. ತುಳು ಪುಸ್ತಕಗಳನ್ನೂ ಅವರು ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿದರು. ಅಕ್ಷರ ಒಂದೇ, ಅದರೊಳಗೆ ಕೂತ ಭಾಷೆ ಬೇರೆ. ಆದರೂ ಗೊಂದಲವಾಗಲಿಲ್ಲ. ಯಾಕೆಂದರೆ 'ಕ' ಎಂದು ಬರೆದರೆ ನಾಲ್ಕು ಮನೆಯವರೂ ಅದನ್ನು 'ಕ' ಎಂದೇ ಓದುತ್ತಿದ್ದರು.

ಈ ಒಪ್ಪಂದ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಅದು ಮುರಿದು ಬಿದ್ದಾಗ. 2001ರ ಸುಮಾರಿಗೆ ನಾವು ಕೆಲವು ಹೆಂಗಸರು ಸೇರಿ, ನೇಜಿ ನೆಡುವಾಗ ಹಾಡುತ್ತಿದ್ದ ಪಾಡ್ದನ, ಓಬೇಲೆಗಳನ್ನು ನೆರೆಕರೆಯ ಅಜ್ಜಿಯಂದಿರಿಂದ ಕೇಳಿ ಬರೆದುಕೊಂಡಿದ್ದೆವು. ಒಂದು ಡಿಟಿಪಿ ಅಂಗಡಿಯಲ್ಲಿ ಕೊಟ್ಟು ಟೈಪು ಮಾಡಿಸಿ, ಫ್ಲಾಪಿಯಲ್ಲಿ ಹಾಕಿಸಿ, ಆಮೇಲೆ ಸಿ.ಡಿ.ಗೂ ಇಳಿಸಿಟ್ಟೆವು. ಪುಸ್ತಕ ಮಾಡುವಷ್ಟು ದುಡ್ಡು ಕೂಡಿಬರಲಿಲ್ಲ. 2014ರಲ್ಲಿ ಹೊಸ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಡಾಲರ್ ಚಿಹ್ನೆ, ತಲೆಯ ಮೇಲೆ ಚುಕ್ಕೆ ಹೊತ್ತ ಯಾವುದೋ ಪರದೇಶದ ಸ್ವರಗಳು. ತುಳುವೂ ಅಲ್ಲ, ಕನ್ನಡವೂ ಅಲ್ಲ. ಬರೆದುಕೊಂಡ ನೋಟುಪುಸ್ತಕಗಳನ್ನು ಒರಲೆ ತಿಂದಿತ್ತು. ಹಾಡಿದ ಅಜ್ಜಿಯಂದಿರು ಅಷ್ಟರಲ್ಲಿ ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಇನ್ನು ಕೇಳುವುದು ಯಾರನ್ನು?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯಾವ ಅಂಕಿಗೆ ಯಾವ ಅಕ್ಷರ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಹಳೆಯ ಕನ್ನಡ ತಂತ್ರಾಂಶಗಳು ಇಂಗ್ಲಿಷಿಗೆಂದು ಮೀಸಲಾದ ಅಂಕಿಗಳ ಮನೆಯಲ್ಲೇ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದವು. ಒಬ್ಬರು ಕೂರಿಸಿದಂತೆ ಇನ್ನೊಬ್ಬರು ಕೂರಿಸಲಿಲ್ಲ. ಆ ಫಾಂಟು ಇರುವ ಯಂತ್ರದಲ್ಲಿ ಮಾತ್ರ ಅದು ಕನ್ನಡ. ಬೇರೆ ಯಂತ್ರದಲ್ಲಿ ಅದು ಕಸ. ಲೋಕದ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಅಂಕಿ ಕೊಡುವ ಯೂನಿಕೋಡ್ 1991ರಲ್ಲೇ ಬಂದಿತ್ತು. ಅದರಲ್ಲಿ ನಮ್ಮ 'ಕ' ಅಕ್ಷರದ ಅಂಕಿ 3221. ಅದನ್ನು ಬೇರೆ ಯಾರಿಗೂ ಕೊಡುವಂತಿಲ್ಲ. ಆದರೆ ನಮ್ಮ ಊರುಗಳ ಅಂಗಡಿಗಳಿಗೆ, ಕಚೇರಿಗಳಿಗೆ ಆ ಒಪ್ಪಂದ ಬಂದು ತಲಪುವುದಕ್ಕೆ ವರ್ಷಗಳೇ ಹಿಡಿದವು. ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರು ಕನ್ನಡಕ್ಕೊಂದು ಹದವಾದ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟದ್ದರಿಂದ ಬೆರಳಿಗೆ ಒಂದು ದಾರಿ ಸಿಕ್ಕಿತು. ಒಳಗೆ ಉಳಿಯುವ ಅಂಕಿಗೆ ದಾರಿ ಸಿಕ್ಕಿದ್ದು ನಿಧಾನವಾಗಿ.

ಈ ಸಂಕಟವನ್ನು ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಲ್ಲಿ ಹೇಳಿಕೊಂಡೆ. ಅವಳು ನಕ್ಕು, "ಟೀಚರ್, ಇದು ನಿಮ್ಮ ಹಾಡಿಗೆ ಮಾತ್ರ ಬಂದ ಕಾಯಿಲೆ ಅಲ್ಲ, ನಮ್ಮ ಕೆಲಸದಲ್ಲೂ ಇದೇ ಉಂಟು" ಎಂದಳು. ಅವಳು ಹೇಳಿದ್ದನ್ನು ಕೇಳುತ್ತ ಕೇಳುತ್ತ, ಇತಿಹಾಸ ಪಾಠ ಮಾಡುವ ನನಗೆ ಇದೂ ಬರೆದಿಡಬೇಕಾದ ಇತಿಹಾಸವೇ ಎನ್ನಿಸಿತು.

ಈಗಿನ ದೊಡ್ಡ ಕಂಪ್ಯೂಟರುಗಳು ವಠಾರದ ಹಾಗೆ. ಹೊರಗಿನಿಂದ ಒಂದೇ ಕಟ್ಟಡ. ಒಳಗೆ ಹತ್ತು ಬಿಡಾರ. ಪ್ರತಿಯೊಂದು ಬಿಡಾರಕ್ಕೂ ತಾನೇ ಒಂದು ಪೂರ್ತಿ ಕಂಪ್ಯೂಟರು ಎಂಬ ಭ್ರಮೆ ಹುಟ್ಟುವಂತೆ ತಂತ್ರಾಂಶವೊಂದು ನೋಡಿಕೊಳ್ಳುತ್ತದೆ. ಇದಕ್ಕೆ ವರ್ಚುವಲೈಸೇಶನ್ ಎನ್ನುತ್ತಾರೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದ 'ಕ್ಯೂಎಮು' ಇಂಥ ಒಂದು ತಂತ್ರಾಂಶ. ಇದರಲ್ಲಿ ತಮಾಷೆ ಏನೆಂದರೆ, ಒಳಗಿನ ಬಿಡಾರದವನು ತನ್ನ ಇಡೀ ಡಿಸ್ಕ್ ಎಂದು ನಂಬಿರುವುದು ಹೊರಗಿನವನ ಲೆಕ್ಕದಲ್ಲಿ ಒಂದೇ ಒಂದು ಕಡತ. ಆ ಕಡತ ಹೋದರೆ ಬಿಡಾರ ಪಾತ್ರೆಪಗಡೆ ಸಮೇತ ಹೋಯಿತು. ಆದ್ದರಿಂದ ಅದನ್ನು ಒಂದೇ ಯಂತ್ರದಲ್ಲಿ ಇಡದೆ, ಎರಡು ಮೂರು ಯಂತ್ರಗಳಲ್ಲಿ ಪ್ರತಿ ಮಾಡಿಡುವ ವ್ಯವಸ್ಥೆ ಬೇಕಾಯಿತು.

ಅಂಥ ವ್ಯವಸ್ಥೆಗಳಲ್ಲಿ ಒಂದರ ಹೆಸರು ಗ್ಲಸ್ಟರ್. ಆನಂದ ಬಾಬು ಪೆರಿಯಸಾಮಿ ಮತ್ತು ಹಿತೇಶ್ ಚೆಲ್ಲಾನಿ 2005ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪೆನಿ ಅದು. ಆದರೆ ಕೆಲಸದ ದೊಡ್ಡ ಪಾಲು ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಬರೆದ ಕೋಡನ್ನು ಅವರು ಬಚ್ಚಿಡಲಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಕರಾರಿನಲ್ಲಿ ಹೊರಗಿಟ್ಟರು. ದಾಸ್ತಾನಿನ ಒಂದೊಂದು ಜಾಗಕ್ಕೂ ಅವರು ಇಟ್ಟ ಹೆಸರು 'ಬ್ರಿಕ್', ಅಂದರೆ ಇಟ್ಟಿಗೆ. ಯಾವ ಕಡತ ಯಾವ ಇಟ್ಟಿಗೆಯಲ್ಲಿದೆ ಎಂದು ಬರೆದಿಡುವ ಶಾನುಭೋಗರ ದಫ್ತರು ಅಲ್ಲಿ ಇಲ್ಲ. ಕಡತದ ಹೆಸರಿನಿಂದಲೇ ಲೆಕ್ಕ ಹಾಕಿ ಜಾಗ ಕಂಡುಹಿಡಿಯುತ್ತಾರೆ. ಒಳಗಿನ ಒಂದೊಂದು ಪದರಕ್ಕೆ ಅವರು ಕೊಟ್ಟ ಹೆಸರು 'ಟ್ರಾನ್ಸ್‌ಲೇಟರ್'. ಅನುವಾದಕ! ಆ ಹೆಸರು ಕೇಳಿಯೇ ನನಗೆ ಇವರ ಮೇಲೆ ಅರ್ಧ ಪ್ರೀತಿ ಹುಟ್ಟಿತು.

ಗ್ಲಸ್ಟರನ್ನು ಮುಖ್ಯವಾಗಿ ಬರೆದದ್ದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ. ಲೋಕದಲ್ಲಿ ಬೇರೆ ವ್ಯವಸ್ಥೆಗಳೂ ಇವೆಯಲ್ಲ? ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಂಶಕ್ಕೆ ಸೇರಿದ ಬಿಎಸ್‌ಡಿಗಳು, ಅದೇ ರಕ್ತ ಹಂಚಿಕೊಂಡ ಆಪಲ್‌ನವರ ಮ್ಯಾಕ್, ಸನ್ ಕಂಪೆನಿಯಲ್ಲಿ ಹುಟ್ಟಿದ ಸೊಲಾರಿಸ್. ಇವೆಲ್ಲ ಯುನಿಕ್ಸ್ ಎಂಬ ಒಂದೇ ಅಜ್ಜಿಯ ಮನೆಯ ಪದ್ಧತಿ ಕಲಿತವು. ಆದರೆ ಒಂದೇ ಅಜ್ಜಿಯ ಮೊಮ್ಮಕ್ಕಳ ಅಡುಗೆಮನೆಗಳಲ್ಲಿ ಉಪ್ಪಿನ ಡಬ್ಬಿ ಒಂದೇ ಕಡೆ ಇರುತ್ತದೆಯೇ? ಒಂದು ಮನೆಯ ಸೊಸೆ ಇನ್ನೊಂದು ಮನೆಗೆ ಹೋಗಿ ಕಣ್ಣುಮುಚ್ಚಿ ಅಡುಗೆ ಮಾಡಿದರೆ ಪಾಯಸಕ್ಕೆ ಉಪ್ಪು ಬೀಳುವುದೂ ಉಂಟು.

ಇಲ್ಲೂ ಹಾಗೆಯೇ ಆಯಿತು. ಕೇಳಿದ ಕೆಲಸ ಆಗದಿದ್ದಾಗ ಕಾರ್ಯಾಚರಣ ವ್ಯವಸ್ಥೆ ಒಂದು ಅಂಕಿಯನ್ನು ಹೇಳುತ್ತದೆ. ಲಿನಕ್ಸಿನಲ್ಲಿ 11 ಎಂದರೆ 'ಈಗ ಆಗದು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ' ಎಂದು. 35 ಎಂದರೆ 'ಇವನು ಅವನಿಗಾಗಿ, ಅವನು ಇವನಿಗಾಗಿ ಕಾಯುತ್ತ ಇಬ್ಬರೂ ಸಿಕ್ಕಿಹಾಕಿಕೊಳ್ಳುವ ಪರಿಸ್ಥಿತಿ' ಎಂದು. ಬಿಎಸ್‌ಡಿ ಮತ್ತು ಮ್ಯಾಕ್‌ನಲ್ಲಿ ಇದು ತಿರುಗಾಮುರುಗಾ. ಅಲ್ಲಿ 35 ಎಂದರೆ 'ಆಮೇಲೆ ಬನ್ನಿ', 11 ಎಂದರೆ 'ಸಿಕ್ಕು'. 61ರ ಕತೆ ಇನ್ನೂ ವಿಚಿತ್ರ. ಲಿನಕ್ಸಿನಲ್ಲಿ ಅದು 'ನೀವು ಕೇಳಿದ ಮಾಹಿತಿ ಇಲ್ಲ'. ಮ್ಯಾಕ್‌ನಲ್ಲಿ 'ಆಚೆಯವರು ಬಾಗಿಲು ತೆಗೆಯಲೊಪ್ಪಲಿಲ್ಲ'. ಒಂದು ಯಂತ್ರ ಲಿನಕ್ಸ್, ಇನ್ನೊಂದು ಮ್ಯಾಕ್ ಆಗಿದ್ದು, ಇಬ್ಬರೂ ತಂತಿಯ ಮೇಲೆ ಬರಿಯ ಅಂಕಿ ಕಳಿಸಿಕೊಂಡರೆ? ತಾಳ್ಮೆಯಿಂದ ಕಾಯಬೇಕಾದವನು ಗಾಬರಿಯಾಗಿ ಕೆಲಸ ಕೈಬಿಡುತ್ತಾನೆ. ಅಂಕಿ ಸರಿಯಾಗಿಯೇ ತಲಪಿರುತ್ತದೆ, ಅರ್ಥ ಮಾತ್ರ ದಾರಿಯಲ್ಲೇ ಸತ್ತಿರುತ್ತದೆ. ನಮ್ಮ ಹಾಡಿಗೆ ಆದದ್ದೂ ಇದೇ ಅಲ್ಲವೇ?

ಇದಕ್ಕೆ ಗ್ಲಸ್ಟರಿನವರು ಮಾಡಿದ ಮದ್ದು ಸರಳ. ತಮ್ಮದೇ ಒಂದು ಅಂಕಿಪಟ್ಟಿ ಮಾಡಿದರು. ಕಳಿಸುವವರು ತಮ್ಮ ಮನೆಯ ಅಂಕಿಯನ್ನು ಈ ಪಟ್ಟಿಗೆ ತಿರುಗಿಸಿ ಕಳಿಸಬೇಕು. ಪಡೆದವರು ಪಟ್ಟಿಯಿಂದ ತಮ್ಮ ಮನೆಯ ಅಂಕಿಗೆ ತಿರುಗಿಸಿಕೊಳ್ಳಬೇಕು. ಯಾರೂ ತಮ್ಮ ಮನೆಯ ಪದ್ಧತಿ ಬಿಡಬೇಕಾಗಿಲ್ಲ, ಹೊಸಿಲು ದಾಟುವಾಗ ಮಾತ್ರ ಎಲ್ಲರಿಗೂ ತಿಳಿಯುವ ಮಾತು ಆಡಿದರಾಯಿತು. ನಾಲ್ಕು ಭಾಷೆಯ ಜನ ಮಾರ್ಕೆಟಿನಲ್ಲಿ ವ್ಯಾಪಾರ ಮಾಡುವ ನಮ್ಮೂರಿನವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕೆ!

ಇನ್ನೊಂದು ತೊಡಕು ಚೀಟಿಗಳದ್ದು. ಉಪ್ಪಿನಕಾಯಿ ಭರಣಿಗೆ ತಾರೀಕು ಬರೆದ ಚೀಟಿ ಅಂಟಿಸುತ್ತೇವಲ್ಲ, ಹಾಗೆ ಗ್ಲಸ್ಟರ್ ಪ್ರತಿ ಕಡತಕ್ಕೂ 'ಈ ಪ್ರತಿ ಹಿಂದೆ ಬಿದ್ದಿದೆ, ಅದನ್ನು ನೋಡಿ ಇದನ್ನು ಸರಿಮಾಡು' ಎಂಬಂಥ ಚೀಟಿ ಅಂಟಿಸುತ್ತದೆ. ಚೀಟಿ ಅಂಟಿಸುವ ಕ್ರಮ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು. ಚೀಟಿ ಇಲ್ಲ ಎಂದು ಹೇಳುವ ಅಂಕಿಯೂ ಬೇರೆ. ಮತ್ತೊಂದು ತೊಡಕು ಬಾಗಿಲಿನದ್ದು. ಲಿನಕ್ಸಿನಲ್ಲಿ ಗ್ಲಸ್ಟರಿನ ಕಡತ ನೋಡಲು 'ಫ್ಯೂಸ್' ಎಂಬ ಬಾಗಿಲಿದೆ. ನೆಟ್‌ಬಿಎಸ್‌ಡಿಯಲ್ಲಿದ್ದ ಬಾಗಿಲು ಬೇರೆ ಅಳತೆಯದು. ಎಮ್ಯಾನುಯೆಲ್ ಡ್ರೇಫಸ್ ಎಂಬವರು ಎರಡಕ್ಕೂ ಹೊಂದುವ ಒಂದು ನಡುಬಾಗಿಲನ್ನು ಬರೆದು, ಗ್ಲಸ್ಟರನ್ನು ಆ ವ್ಯವಸ್ಥೆಗೆ ದಾಟಿಸಿದರು. ಕಂಪೆನಿಯ ಸಂಬಳದವರಲ್ಲ ಅವರು. ಕೋಡು ಬಚ್ಚಿಟ್ಟಿದ್ದರೆ ಈ ಕೆಲಸ ಅವರಿಂದ ಆಗುತ್ತಲೇ ಇರಲಿಲ್ಲ.

2011ರ ಅಕ್ಟೋಬರಿನಲ್ಲಿ ರೆಡ್‌ಹ್ಯಾಟ್ ಕಂಪೆನಿ ಸುಮಾರು 13.6 ಕೋಟಿ ಡಾಲರಿಗೆ ಗ್ಲಸ್ಟರನ್ನು ಕೊಂಡಿತು. ಮರುವರ್ಷ ವಠಾರಕ್ಕೂ ದಾಸ್ತಾನಿಗೂ ನೇರ ದಾರಿಯಾಯಿತು. ಬೆಂಗಳೂರಿನ ಐಬಿಎಂನಲ್ಲಿದ್ದ ಭರತ ಬಿ. ರಾವ್ ಅವರು ಬರೆದ ಕೋಡಿನಿಂದಾಗಿ 2012ರ ಡಿಸೆಂಬರಿನ ಕ್ಯೂಎಮು 1.3ರಲ್ಲಿ ಆ ಬಾಗಿಲನ್ನೇ ಸುತ್ತಿ ಹೋಗದೆ ಕ್ಯೂಎಮು ಗ್ಲಸ್ಟರಿನೊಡನೆ ನೇರವಾಗಿ ಮಾತಾಡುವಂತಾಯಿತು. ಫ್ರಾನ್ಸಿನಲ್ಲಿ ಹುಟ್ಟಿದ್ದು ಒಂದು, ಬೆಂಗಳೂರಿನಲ್ಲಿ ಬೆಳೆದದ್ದು ಇನ್ನೊಂದು. ಎರಡೂ ತೆರೆದ ಕೋಡಾದ್ದರಿಂದ ಸಂಬಂಧ ಕುದುರಿಸಲು ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ.

ನನ್ನ ವಿದ್ಯಾರ್ಥಿನಿ ಕೊನೆಗೆ ಹೇಳಿದ ಸಂಗತಿ ನನ್ನನ್ನು ಹೆಚ್ಚು ತಟ್ಟಿತು. ಗ್ಲಸ್ಟರಿನಲ್ಲಿ ದೂರದ ಊರಿಗೆ ಪ್ರತಿ ಕಳಿಸುವ ಭಾಗದಲ್ಲಿ ದುಡಿದ ಅರವಿಂದ ವಿ.ಕೆ. ಎಂಬವರು ಕನ್ನಡಕ್ಕೂ ದುಡಿದವರು. 'ಗುಬ್ಬಿ', 'ನವಿಲು' ಎಂಬ ಮುಕ್ತ ಫಾಂಟುಗಳು ಅವರವು. ಹಳೆಯ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನೂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅದು ಬರಿಯ ಅಂಕಿ ಬದಲಿಸುವ ಕೆಲಸವಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಕೂತಿರುತ್ತದೆ. ಯೂನಿಕೋಡಿನಲ್ಲಿ ನಾಲಗೆಗೆ ಬರುವಂತೆ 'ರ' ಮೊದಲು ಬರಬೇಕು. ಹಿಂದಿನದನ್ನು ಎತ್ತಿ ಮುಂದಕ್ಕೆ ತರಬೇಕು. ಇಂಥದೇ ಒಂದು ಪರಿವರ್ತಕದಲ್ಲಿ ನಮ್ಮ ಹಾಡುಗಳನ್ನು ಹಾಕಿ ತೆಗೆದಾಗ, ಅಲ್ಲೊಂದು ಇಲ್ಲೊಂದು ಒತ್ತಕ್ಷರ ಬಿಟ್ಟರೆ, ಹಾಡು ಹಾಡಾಗಿಯೇ ಮರಳಿತು. ಓದುತ್ತ ಹೋದ ಹಾಗೆ ಆ ಅಜ್ಜಿಯಂದಿರ ದನಿಯೇ ಕಿವಿಗೆ ಬಿದ್ದಂತಾಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕಂಪೆನಿಗಳ ಆಯುಷ್ಯ ನಮ್ಮ ಕೈಯಲ್ಲಿಲ್ಲ. ರೆಡ್‌ಹ್ಯಾಟ್‌ನವರು ತಮ್ಮ ಗ್ಲಸ್ಟರ್ ಸರಕಿನ ಹೊಣೆಯನ್ನು 2024ರ ಡಿಸೆಂಬರ್ 31ಕ್ಕೆ ಮುಗಿಸಿದರು. ಕ್ಯೂಎಮು ಕೂಡ ಗ್ಲಸ್ಟರಿನ ದಾರಿಯನ್ನು, ಮುಂದೆ ಕೈಬಿಡಬಹುದಾದವುಗಳ ಪಟ್ಟಿಗೆ ಸೇರಿಸಿತು. ಆದರೆ ಕೋಡು ತೆರೆದೇ ಇದೆ. ಗ್ಲಸ್ಟರಿನಲ್ಲಿ ಪಳಗಿದ ಅರವಿಂದ ಮತ್ತು ಅಮರ್ ತುಂಬಳ್ಳಿ ಅದನ್ನೇ ಬುನಾದಿ ಮಾಡಿಕೊಂಡು ಹೊಸದೊಂದನ್ನು ಕಟ್ಟಿ, ಅದಕ್ಕೆ 'ಕಡಲು' ಎಂಬ ಕನ್ನಡದ ಹೆಸರಿಟ್ಟರು. ಕಡಲ ತಡಿಯವಳಾದ ನನಗೆ ಆ ಹೆಸರು ಕೇಳಿ ಖುಷಿಯಾದದ್ದನ್ನು ಬೇರೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಕೂತು ಇದನ್ನು ಓದುವ ಅಕ್ಕತಂಗಿಯರಿಗೆ ಇದರಿಂದ ಏನು? ನಮ್ಮ ಮನೆಗಳಲ್ಲೂ ಹಳೆಯ ಸಿ.ಡಿ.ಗಳಿವೆ, ಅಮ್ಮ ಹೇಳಿ ಬರೆಸಿದ ಅಡುಗೆಯ ಲೆಕ್ಕಗಳಿವೆ, ಮಕ್ಕಳು ಟೈಪು ಮಾಡಿಕೊಟ್ಟ ಶೋಭಾನೆಗಳಿವೆ. ಅವನ್ನೆಲ್ಲ ಒಮ್ಮೆ ಹೊರತೆಗೆದು, ಇನ್ನೊಬ್ಬರ ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿ. ನಮ್ಮ ಯಂತ್ರದಲ್ಲಿ ಕಂಡರೆ ಸಾಲದು, ಪರರ ಯಂತ್ರದಲ್ಲಿ ಕಾಣಬೇಕು. ಕಾಣದಿದ್ದರೆ ಯೂನಿಕೋಡಿಗೆ ತಿರುಗಿಸಿ, ಎರಡು ಕಡೆ ಇಡಿ. ಹೇಳಿಕೊಟ್ಟವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಮಾಡುವುದು ಒಳ್ಳೆಯದು. ಒತ್ತಕ್ಷರ ತಪ್ಪಿದರೆ ತಿದ್ದಲು ಅವರಾದರೂ ಇರುತ್ತಾರೆ.